ಎರಡು ಡಬ್ಬ ಕಡಲೆಹಿಟ್ಟು

ಚಲುವಮ್ಮನ ಡಬ್ಬಕ್ಕೆ ಹಸಿರು ಮುಚ್ಚಳ.
ನಾಲ್ಕು ಸೇರು ಕಡಲೆಬೇಳೆ, ಮೇಲೊಂದು ಬೊಗಸೆ ಅಕ್ಕಿ,
ನುಣ್ಣಗಿರಬೇಕು, ಮುಖಕ್ಕೆ ಹಚ್ಚುವ ಪೌಡರಿನ ಹಾಗೆ.
ನಿಂಬೆವ್ವನದು ಮುಚ್ಚಳವಿಲ್ಲದ ಎಣ್ಣೆ ಡಬ್ಬ.
ಬರೀ ಬೇಳೆ. ಅಕ್ಕಿಯ ಒಂದು ಕಾಳು ಬಿದ್ದರೂ
'ಯಾಕ್ರಿ ಅಣ್ಣಾರ, ದ್ವಾಸಿ ಹೊಯ್ಯಾಕ ಹೊಂಟೀನೇನು?'
ತರಿ ಬೇಕು, ಬೆರಳಿಗೆ ಗೊತ್ತಾಗುವಷ್ಟು.

ಮಂಡ್ಯದ ಹೊಳಲು ಸರ್ಕಲ್ಲಿನಿಂದ ಒಳಗೆ, ಮೂರನೇ ತಿರುವು,
ನನ್ನ ಹಿಟ್ಟಿನ ಮಿಲ್ಲು.
ಮಧ್ಯಾಹ್ನ ಮೂರಕ್ಕೆ ಎರಡೂ ಡಬ್ಬ ಒಂದೇ ಸೈಕಲ್ಲಿನಲ್ಲಿ ಬರುತ್ತವೆ,
ಗಾಡಿ ಒಂದೇ, ಬಾಣಲೆ ಒಂದೇ,
ಮೆಣಸಿನಕಾಯಿಯೂ ಒಂದೇ ಮೂಟೆಯದು.

ನಿಂಬೆವ್ವ ಕಬ್ಬು ಕಡಿಯಲು ಬಂದವಳು.
ಗುಂಪು ಲಾರಿ ಹತ್ತಿ ಬಾಗಲಕೋಟೆ ಕಡೆ ಹೋಯಿತು,
ಇವಳು ಕಾಲಿಗೆ ಮಚ್ಚು ತಗುಲಿ ಉಳಿದಳು,
ಕಾಲು ವಾಸಿಯಾದ ಮೇಲೂ ಉಳಿದಳು.
ಈರುಳ್ಳಿ ಹೆಚ್ಚಲಿಕ್ಕೆಂದು ಸೇರಿಸಿಕೊಂಡದ್ದು ಚಲುವಮ್ಮ.

ಚಲುವಮ್ಮನ ಬಜ್ಜಿ ಕರಿದ ಮೇಲೆ ಶುರುವಾಗುತ್ತದೆ.
ಬಿಸಿಯಿರುವಾಗಲೇ ಚಾಕುವಿನಿಂದ ಹೊಟ್ಟೆ ಬಗೆದು
ತುರಿದ ಕ್ಯಾರೆಟ್ಟು, ಈರುಳ್ಳಿ, ಕೊತ್ತಂಬರಿ,
ಅದರ ಮೇಲೆ ಅರ್ಧ ಹೋಳು ನಿಂಬೆ.
ತಿನ್ನುವವನಿಗೆ ಖಾರ ಸಿಗುವ ಹೊತ್ತಿಗೆ
ಅರ್ಧ ಸಂತೆಯೇ ಬಾಯೊಳಗೆ.
ಮೊದಲ ದಿನ ಇದನ್ನು ನೋಡಿ
ನಿಂಬೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳಂತೆ:
'ಎವ್ವಾ, ಪೋಸ್ಟ್‌ಮಾರ್ಟಮ್ಮು!'

ಅವಳ ಊರಲ್ಲಿ ಎಲ್ಲ ಎಣ್ಣೆಗೆ ಮೊದಲೇ ಮುಗಿದಿರುತ್ತದೆ.
ಸೀಳಿನೊಳಗೆ ಜೀರಿಗೆ, ಅಜವಾನ, ಉಪ್ಪು ಒತ್ತಿ
ಇಡಿಯಾಗಿ ಬಾಣಲೆಗೆ, ಇಡಿಯಾಗಿ ಕೈಗೆ.
ಪಕ್ಕಕ್ಕೆ ಚುರಮರಿ, ಅಂದರೆ ನಮ್ಮ ಪುರಿ.
ಹೆಸರೂ ಬೇರೆ: ಮಿರ್ಚಿ.
ಬಜ್ಜಿ ಎಂದರೆ ಅವಳು ಬೇರೆ ಯಾರನ್ನೋ ಕರೆದರು ಎಂಬಂತೆ ನಿಲ್ಲುತ್ತಾಳೆ.

ಚಲುವಮ್ಮನಿಗೆ ಚಿಕುನ್‌ಗುನ್ಯ ಬಂದ ಎಂಟು ದಿನ
ಹೊಳಲು ರಸ್ತೆ ಕಣ್ಣೀರಿಟ್ಟಿತು.
'ಕ್ಯಾರೆಟ್ ಎಲ್ಲಕ್ಕೋ?' ಎಂದರು ಪಾಲಿಟೆಕ್ನಿಕ್ ಹುಡುಗರು.
'ಕುದುರಿಗೆ ಹಾಕೀನಿ' ಎಂದಳು.
ಎಲ್‌ಐಸಿ ಏಜೆಂಟ್ ಶಿವನಂಜಪ್ಪ
'ಅಯ್ಯಯ್ಯೋ, ಕಿವಿಲಿ ಹೊಗೆ ಬತ್ತದೆ ಕನಮ್ಮಿ' ಎಂದು ಬೈಯುತ್ತಲೇ
ಇನ್ನೆರಡು ಕಟ್ಟಿಸಿಕೊಂಡ.
ಒಂಬತ್ತನೇ ದಿನ ಚಲುವಮ್ಮ ಮಂಡಿ ಹಿಡಿದುಕೊಂಡು ಬಂದು
ತೊಟ್ಟು ಹಿಡಿದು ಒಂದು ಕಚ್ಚಿದಳು.
ಏನೂ ಹೇಳಲಿಲ್ಲ.
ನೀರೂ ಕುಡಿಯಲಿಲ್ಲ, ಹಠಕ್ಕೆ.
ಮಾರನೇ ದಿನ ಸೈಕಲ್ಲಿನಲ್ಲಿ ಎರಡನೇ ಡಬ್ಬ ಬಂತು.

ಯಾವುದು ಹೆಚ್ಚು ಎಂದು ಈಗ ನನ್ನನ್ನು ಕೇಳುತ್ತಾರೆ,
ಎರಡಕ್ಕೂ ಹಿಟ್ಟು ಬೀಸುವವನು ನಾನಲ್ಲವೇ.
ರೆಪ್ಪೆಯ ಹಿಟ್ಟು ಒರೆಸಿಕೊಂಡು
ಜಡ್ಜು ಸಾಹೇಬರ ಹಾಗೆ ಕೆಮ್ಮುತ್ತೇನೆ.
ನಿಜ ಹೇಳಿದರೆ ನಗುತ್ತೀರಿ: ಹೊಟ್ಟೆಹುಣ್ಣು.
ಮೆಣಸಿನಕಾಯಿಯ ತೊಟ್ಟೂ ಮುಟ್ಟಕೂಡದು ಎಂದು
ಡಾಕ್ಟರು ಹೇಳಿ ಮೂರು ವರ್ಷ.
ನನಗೆ ಗೊತ್ತಿರುವುದು ಬೇಳೆ ಕಲ್ಲಿಗೆ ಬೀಳುವ ಸದ್ದು,
ಅಕ್ಕಿ ಬೆರೆತಾಗ ಅದು ಒಂದೆಳೆ ಕೀರಲಾಗುವುದು,
ಸಂಜೆ ಗಾಳಿ ಫ್ಯಾಕ್ಟರಿ ಕಡೆಯಿಂದ ತಿರುಗಿದರೆ
ಕಾಕಂಬಿಯ ವಾಸನೆ ಸೀಳಿಕೊಂಡು ಬರುವ ಅಜವಾನ.

ಒಂದು ಮುಗಿಸಿ ಇನ್ನೊಂದು ಸುರಿಯುವಾಗ
ಮಿಲ್ಲಿನ ಗಂಟಲಲ್ಲಿ ಹಿಡಿಯಷ್ಟು ಹಿಟ್ಟು ಉಳಿಯುತ್ತದೆ,
ಅವಳದೂ ಅಲ್ಲ, ಇವಳದೂ ಅಲ್ಲ.
ಬಟ್ಟೆಯ ಕೊಳವೆ ತಟ್ಟಿ, ಪೇಪರಿನಲ್ಲಿ ಕಟ್ಟಿ ಮನೆಗೆ ಒಯ್ಯುತ್ತೇನೆ.
ಮಾದೇವಿ ಹೀರೆಕಾಯಿ ಬಿಲ್ಲೆ ಅದ್ದಿ ಕರಿಯುತ್ತಾಳೆ, ಉಪ್ಪು ಕಮ್ಮಿ.
'ಹೆಂಗದೆ?' ಅನ್ನುತ್ತಾಳೆ.
ಚೆನ್ನಾಗದೆ ಅನ್ನುತ್ತೇನೆ.
ನುಣುಪು. ನಡುವೆ ಎಲ್ಲೋ ಒಂದು ತರಿ.